ಗೊತ್ತಿಲ್ಲದ ಮೂವತ್ತೆಂಟು ಪ್ರಶ್ನೆಗಳು

ಅಮೃತಪ್ಪ ಮಾಸ್ತರರು ಶಹಾಬಾದಿನ ಹೈಸ್ಕೂಲೊಂದರಲ್ಲಿ ಇಪ್ಪತ್ತಾರು ವರ್ಷದಿಂದ ಆಟ ಕಲಿಸುವವರು. ಆದರೆ ಊರವರು ಅವರನ್ನು ಹೊಗಳುವುದು ಪರೀಕ್ಷೆಯ ಕಾರಣಕ್ಕೆ. ಎಸ್ಸೆಸ್ಸೆಲ್ಸಿ ಹತ್ತಿರ ಬಂತೆಂದರೆ ಓದಿನಲ್ಲಿ ಹಿಂದೆ ಬಿದ್ದ ಮಕ್ಕಳನ್ನೆಲ್ಲ ಹೆಡ್‌ಮಾಸ್ತರರು ಇವರ ಕೊರಳಿಗೆ ಕಟ್ಟುತ್ತಿದ್ದರು. ಮಾಸ್ತರರಿಗೂ ಗಣಿತ ಅಷ್ಟಕ್ಕಷ್ಟೇ, ಇಂಗ್ಲಿಷಂತೂ ದೂರದ ನೆಂಟ. ಬಲ್ಲ ವಿದ್ಯೆ ಒಂದೇ.

"ಖಾಲಿ ಬಿಡಬ್ಯಾಡ್ರಿ. ಪ್ರಶ್ನಿ ನಂಬರ್ ಹಾಕ್ರಿ, ಏನರ ಬರೀರಿ. ಬರದವನಿಗಿ ಒಂದು ಮಾರ್ಕ್ಸರ ಬೀಳ್ತದ, ಬಿಟ್ಟವನಿಗಿ ಸೊನ್ನಿ."

ಇದೇ ಮಂತ್ರದಿಂದ ಅದೆಷ್ಟೋ ಮಕ್ಕಳು ಮೂವತ್ತೈದರ ಗಡಿ ದಾಟಿದ್ದರು. ಪಾಸಾದವರ ತಾಯಂದಿರು ಪೇಡೆ ತಂದು ಕೊಟ್ಟಾಗ ಮಾಸ್ತರರು ಎದೆಯುಬ್ಬಿಸಿ ತಿನ್ನುತ್ತಿದ್ದರು. ತಿನ್ನಲಿ ಬಿಡಿ, ಅದು ಅವರು ಗಳಿಸಿದ ಪೇಡೆಯೇ.

ಭಂಕೂರದ ಲುಂಬಿನಿ ಅವರ ಕಣ್ಣಿಗೆ ಬಿದ್ದದ್ದು ಆರು ವರ್ಷದ ಹಿಂದೆ. ತಂದೆಯಿಲ್ಲದ ಹುಡುಗಿ. ತಾಯಿ ರಮಾಬಾಯಿ ನೆಲಕ್ಕೆ ಹಾಸುವ ಫರ್ಸಿ ಕಲ್ಲಿಗೆ ಪಾಲಿಶ್ ಹಿಡಿಯುವ ಕಾರ್ಖಾನೆಯಲ್ಲಿ ದುಡಿಯುತ್ತಿದ್ದಳು. ಫುಟ್ಬಾಲು ಈ ಹುಡುಗಿಯ ಎಡಗಾಲಿಗೆ ಬಂತೆಂದರೆ ಕಸಿದುಕೊಳ್ಳುವುದು ಯಾರಪ್ಪನಿಂದಲೂ ಆಗುತ್ತಿರಲಿಲ್ಲ. ವಾಡಿ, ಚಿತ್ತಾಪುರ, ಸೇಡಂ, ಎಲ್ಲಿ ಆಡಿದರೂ ಗೋಲು ಹೊಡೆದೇ ಬರುತ್ತಿದ್ದಳು. ಮಕ್ಕಳಿಲ್ಲದ ಮಾಸ್ತರರು ಅವಳನ್ನು ಮಗಳೆಂದು ಬಾಯಿಬಿಟ್ಟು ಹೇಳಿದವರಲ್ಲ, ಆದರೆ ಅವಳ ಬೂಟಿನ ಅಳತೆ ಅವರಿಗೆ ಬಾಯಿಪಾಠವಿತ್ತು.

ಅವಳು ಪಿಯುಸಿ ಪಾಸಾದ ವರ್ಷ ಮಾಸ್ತರರು ವಾಡಿಯಲ್ಲಿ ರೈಲು ಹತ್ತಿಸಿ ಹೈದರಾಬಾದಿನ ಒಂದು ಕಾಲೇಜಿಗೆ ಆಯ್ಕೆ ಆಟಕ್ಕೆ ಕರೆದೊಯ್ದರು. ಅರ್ಧ ಗಂಟೆಯ ಆಟ ನೋಡಿ ಅಲ್ಲಿನ ಕೋಚ್ ಮಾಸ್ತರರ ಹೆಗಲ ಮೇಲೆ ಕೈಯಿಟ್ಟ. ಸೀಟು, ಹಾಸ್ಟೆಲು, ಊಟ ಎಲ್ಲವೂ ಕಾಲೇಜಿನದೇ. ಶರತ್ತು ಮಾತ್ರ ಒಂದಿತ್ತು. ಆಟಗಾರರೂ ಕಂಪ್ಯೂಟರಿನಲ್ಲಿ ಪ್ರವೇಶ ಪರೀಕ್ಷೆ ಬರೆಯಬೇಕು, ನೂರಿಪ್ಪತ್ತಕ್ಕೆ ನಲವತ್ತು ತೆಗೆಯಬೇಕು. ಮೂವತ್ತೊಂಬತ್ತು ಬಂದರೂ ತಾನು ಏನೂ ಮಾಡಲಾರೆ, ಪಿಯುಸಿ ಮುಗಿದ ವರ್ಷವೇ ಸೇರಬೇಕು, ಮುಂದಿನ ವರ್ಷವೆಂಬ ಮಾತಿಲ್ಲ ಎಂದು ಕೋಚ್ ಬಿಡಿಸಿ ಹೇಳಿದ.

"ನಲವತ್ತೇನು, ನಮ್ಮ ಕೈಯಾಗಿಂದು," ಎಂದು ಮಾಸ್ತರರು ರೈಲಿನಲ್ಲಿ ನಕ್ಕರು.

ಶಹಾಬಾದಿನ ಬಸ್‌ಸ್ಟ್ಯಾಂಡಿನ ಹತ್ತಿರ ಉಜ್ಮಾ ಎಂಬಾಕೆಯ ಆನ್‌ಲೈನ್ ಅಂಗಡಿ. ಹಾಲ್‌ಟಿಕೆಟ್ ತೆಗೆಯಲು ಹೋದಾಗ ಆಕೆ, "ಸರ್, ಐದು ಪೇಜ್ ಅದಾವ, ಎಲ್ಲಾ ತೆಗೀಲೇನು?" ಎಂದು ಕೇಳಿದಳು. ಮಾಸ್ತರರು ಫೋಟೋ ಇದ್ದ ಒಂದು ಪುಟ ಸಾಕೆಂದರು. ಉಳಿದ ನಾಲ್ಕರಲ್ಲಿ ಸೂಚನೆಗಳಿದ್ದವು. ಸೂಚನೆ ಓದುವ ಚಾಳಿ ನಮ್ಮಲ್ಲಿ ಯಾರಿಗಿದೆ, ಅವರೊಬ್ಬರನ್ನೇ ಯಾಕೆ ದೂರಬೇಕು?

ಕಲಬುರಗಿಯ ಪರೀಕ್ಷಾ ಕೇಂದ್ರದ ಗೇಟಿನಲ್ಲಿ ಮಾಸ್ತರರು ತಮ್ಮ ಮಂತ್ರವನ್ನು ಮತ್ತೊಮ್ಮೆ ಹೇಳಿ ಅವಳನ್ನು ಒಳಗೆ ಕಳಿಸಿದರು. ಎರಡು ತಾಸಿನ ಮೇಲೆ ಲುಂಬಿನಿ ಹೊರಗೆ ಬಂದಳು. "ಅರವತ್ತು ಪ್ರಶ್ನಿ ಇದ್ದವ್ರಿ ಸರ್. ಖರೇ ಗೊತ್ತಿದ್ದದ್ದು ಇಪ್ಪತ್ತೆರಡು. ಉಳಿದ ಮೂವತ್ತೆಂಟಕ್ಕ ಕಣ್ಣು ಮುಚ್ಚಿ ಒತ್ತೀನಿ. ಒಂದೂ ಬಿಟ್ಟಿಲ್ಲ."

"ಶಾಬಾಸ್!" ಎಂದು ಮಾಸ್ತರರು ಅವಳ ಬೆನ್ನು ಚಪ್ಪರಿಸಿ ಬಿಸಿ ಮಿರ್ಚಿ ಭಜಿ ಕೊಡಿಸಿದರು.

ಹದಿನೈದು ದಿನದ ಮೇಲೆ ಫಲಿತಾಂಶ ಬಂತು. ಮೂವತ್ತಮೂರು.

ಉಜ್ಮಾ ಪರದೆಯನ್ನು ಮಾಸ್ತರರ ಕಡೆಗೆ ತಿರುಗಿಸಿದಳು. "ಸರಿ ಮೂವತ್ತೊಂದು ಅದಾವ ಸರ್, ಒಂದೊಂದಕ್ಕ ಎರಡು ಮಾರ್ಕ್ಸ್. ಅರವತ್ತೆರಡು ಆತು. ತಪ್ಪು ಇಪ್ಪತ್ತೊಂಬತ್ತು, ಒಂದೊಂದಕ್ಕ ಒಂದು ಕಡದಾರ."

"ಕಡದಾರ ಅಂದ್ರ?"

"ಗೊತ್ತಿಲ್ಲಂದ್ರ ಬಿಡಬೇಕಿತ್ತು ಸರ್. ಬಿಟ್ಟಿದ್ದಕ್ಕ ಕಡ್ಯಂಗಿಲ್ಲ."

ಮಾಸ್ತರರು ಲೆಕ್ಕ ಹಾಕಿದರು. ಗೊತ್ತಿದ್ದ ಇಪ್ಪತ್ತೆರಡನ್ನಷ್ಟೇ ಬರೆದು ಕೈಕಟ್ಟಿ ಕೂತಿದ್ದರೆ ನಲವತ್ನಾಲ್ಕು. ಅಲ್ಲಿಂದಲೇ ಕೋಚ್‌ಗೆ ಫೋನ್ ಮಾಡಿ ಬೇಡಿಕೊಂಡರು. ಪಾಪ, ಆತನೂ ನೊಂದುಕೊಂಡ, ಆದರೆ ಆ ಸೀಟು ಆಗಲೇ ಬೇರೆ ಹುಡುಗಿಗೆ ಹೋಗಿತ್ತು.

ಮರುದಿನ ಶಾಲೆಯಲ್ಲಿ ಎಲ್ಲರೂ ಮಾಸ್ತರರಿಗೇ ಸಮಾಧಾನ ಹೇಳಿದರು. "ನೀವೇನು ಮಾಡ್ತೀರಿ ಬಿಡ್ರಿ, ಅಂಥಾ ಮನಿ ಹುಡುಗ್ಯಾರಿಗೆ ಓದು ಎಲ್ಲಿಂದ ಹತ್ತಬೇಕು?" ಎಂದ ಒಬ್ಬ. ಸುಮ್ಮನಿದ್ದುಬಿಟ್ಟರೆ ಸಾಕಿತ್ತು, ಮಾಸ್ತರರ ತಪ್ಪು ಯಾರಿಗೂ ತಿಳಿಯುತ್ತಿರಲಿಲ್ಲ. ಎರಡು ದಿನ ಸುಮ್ಮನಿದ್ದರು ಕೂಡ. ಮೂರನೆಯ ದಿನ ಊಟದ ತಟ್ಟೆಯನ್ನು ಅರ್ಧಕ್ಕೇ ಸರಿಸಿ ಎದ್ದರು. ಸಂಜೆ ಭಂಕೂರಕ್ಕೆ ಹೋದರು.

ರಮಾಬಾಯಿ ಚಾಪೆ ಹಾಸಿ, "ಬರ್ರಿ ಸರ್, ಕುಂದ್ರಿ," ಎಂದು ಚಹಾ ಇಡಲು ಒಳಗೆ ಹೋದಳು. ಲುಂಬಿನಿ ಜೋಳ ಹಸನು ಮಾಡುತ್ತಿದ್ದಳು. ಅಳು ಮುಗಿದ ಮುಖ.

"ತಪ್ಪು ನಂದವ್ವ," ಎಂದರು ಮಾಸ್ತರರು. "ನೀ ದಡ್ಡಿ ಅಲ್ಲ. ಗೊತ್ತಿದ್ದದ್ದಷ್ಟೇ ಒತ್ತಿದ್ರ ನೀ ಪಾಸ್ ಆಗ್ತಿದ್ದಿ. ತಪ್ಪಿಗಿ ಮಾರ್ಕ್ಸ್ ಕಡೀತಾರಂತ ನನಗ ಗೊತ್ತಿರಲಿಲ್ಲ."

ಲುಂಬಿನಿ ಮೊರದಿಂದ ಕಣ್ಣೆತ್ತಲಿಲ್ಲ. "ನನಗ ಗೊತ್ತಿತ್ರಿ ಸರ್."

"ಏನಂದಿ?"

"ಪರೀಕ್ಷಾ ಚಾಲೂ ಆಗೋಕಿಂತ ಮೊದ್ಲೇ ಕಂಪ್ಯೂಟರಿನಾಗ ಬಂದಿತ್ರಿ, ಕನ್ನಡದಾಗೇ. ಎರಡು ಸಲ ಓದಿದೆ."

"ಮತ್ತ್ಯಾಕ ಒತ್ತಿದಿ?"

"ಇಪ್ಪತ್ತೆರಡು ಮುಗಿಸಿ ಸುಮ್ನ ಕುಂತಿದ್ದೆ. ಆಮ್ಯಾಲ ನೀವು ಗೇಟಿನಾಗ ಹೇಳಿದ್ದು ನೆನಪಾತು. ಸರ್ ಸುಮ್ಸುಮ್ನ ಹೇಳಂಗಿಲ್ಲ, ಕಂಪ್ಯೂಟರಿಗಿಂತ ಅವ್ರಿಗೆ ಗೊತ್ತದ ಅನ್ಕೊಂಡೆ."

ಬೈಸಿಕೊಳ್ಳಲು ಗಟ್ಟಿ ಮನಸ್ಸು ಮಾಡಿ ಬಂದಿದ್ದರು ಮಾಸ್ತರರು. ಈ ಮಾತಿಗೆ ಸಿದ್ಧರಿರಲಿಲ್ಲ. ಯಾರು ಏನೇ ಕೂಗಲಿ, ನನ್ನ ಮಾತೊಂದೇ ಕೇಳು ಎಂದು ಮೈದಾನದಲ್ಲಿ ಆರು ವರ್ಷ ಅವರೇ ಅವಳಿಗೆ ಕಲಿಸಿದ್ದರು. ಚೆನ್ನಾಗಿಯೇ ಕಲಿಸಿದ್ದರು, ಹುಡುಗಿ ಚೆನ್ನಾಗಿಯೇ ಕಲಿತಿದ್ದಳು.

ರಮಾಬಾಯಿ ಚಹಾ ತಂದಿಟ್ಟಳು. "ನೀವು ಭಾಳ ತ್ರಾಸ ತಗೊಂಡ್ರಿ ಸರ್. ನಮ್ಮಾಕಿ ನಸೀಬದಾಗ ಇರಲಿಲ್ಲ. ಸೋಮವಾರದಿಂದ ಇಕಿನೂ ನನ್ನ ಸಂಗಟ ಕಾರ್ಖಾನಿಗಿ ಬರ್ತಾಳ."

ಮಾಸ್ತರರು ನಡೆದದ್ದನ್ನು ಅವಳಿಗೂ ಹೇಳಲು ಬಾಯಿ ತೆರೆದರು. ಲುಂಬಿನಿ ತಾಯಿಗೆ ಕಾಣದಂತೆ ತಲೆಯಾಡಿಸಿ ಬೇಡವೆಂದಳು. ಚಹಾ ಮುಗಿದ ಮೇಲೆ ರಸ್ತೆಯ ತನಕ ಕಳಿಸಲು ಬಂದಳು.

"ಸರ್, ಸಾಲಿಯಾಗ ಯಾರ ಮುಂದನೂ ಇದು ಆಡಬ್ಯಾಡ್ರಿ," ಎಂದಳು. "ನಿಮ್ಮ ಹೆಸರು ಕೆಡ್ತದ. ಲುಂಬಿನಿಗಿ ಓದು ಹತ್ತಲಿಲ್ಲ ಅಂತನೇ ಇರಲಿ."

ಬಸ್ಸು ಬಂತು. ಮಾಸ್ತರರಿಗೆ ಹತ್ತಲಾಗಲಿಲ್ಲ. ಬಸ್ಸಿನ ಮಂದಿಯೆಲ್ಲ ನೋಡುತ್ತಿದ್ದಂತೆ, ಹದಿನೆಂಟು ವರ್ಷದ ಆ ಹುಡುಗಿಯ ಎದುರು ನಿಂತು ಹೋ ಎಂದು ಅತ್ತರು.