ಒಗೆದವಳ ಸಾಕ್ಷಿ

"ಏ ಮುದಕಿ, ತಲ್ಯಾಗ ಸಗಣಿ ಅದ ಏನ್? ಒಗದ್ ಒಣಗಿಸಿದ್ ಸಲವಾರ ತಂದು ಪುರಾವಾ ಅಂತಿ!"

ಪೊಲೀಸ್ ದಫೇದಾರ ಲಾಠಿಯ ತುದಿಯಿಂದ ಸಲವಾರವನ್ನು ಎತ್ತಿ ಮಸ್ತಾನಬಿಯ ಮಡಿಲಿಗೆ ಎಸೆದ. ಅವನ ಮುಂದಿನ ಬೆಂಚಿನ ಮೇಲೆ ಉಪ್ಪಿಟ್ಟಿನ ತಟ್ಟೆ. ತಂದಿಟ್ಟವನು ನೆರೆ ಸಂತ್ರಸ್ತರ ಕಾಳಜಿ ಕೇಂದ್ರದ ಉಸ್ತುವಾರಿ. ದೂರು ಇದ್ದದ್ದು ಅವನ ಮೇಲೆಯೇ.

ನಾಲೆಯ ನೀರು ಗುಡಿಸಲುಗಳಿಗೆ ನುಗ್ಗಿದ ಮೇಲೆ ಅಲ್ಲಿನವರೆಲ್ಲ ಕಮಲಾಪುರದ ಈ ಶಾಲೆಯಲ್ಲಿದ್ದರು. ಪಾಯಖಾನೆಯ ಬಾಗಿಲಿಗೆ ಒಳಗಿನ ಚಿಲಕವಿರಲಿಲ್ಲ. ಹಾಕಿಸಿಕೊಡಿ ಎಂದು ಹೆಂಗಸರು ಕೇಳಿದಾಗ ಉಸ್ತುವಾರಿ ನಕ್ಕಿದ್ದ: "ಒಳಗ ಏನ್ ಬಂಗಾರ ಇಟ್ಟೀರೇನ್?"

ನಿನ್ನೆ ಮುಂಜಾನೆ ಸೊಸೆ ಗೌಸಿಯಾ ಅಲ್ಲಿಂದ ಗೋಡೆ ಹಿಡಿದು ಬಂದಳು. ಮೇಲೆ ಬಿದ್ದವನು ಉಸ್ತುವಾರಿ ಎಂದೂ ಹೇಳಿದಳು.

ಮಸ್ತಾನಬಿ ಮಾಡಿದ್ದು ಬಾಣಂತಿಗೆ ಮಾಡುವಂಥ ಆರೈಕೆ. ಮೂರು ಕಲ್ಲಿಟ್ಟು ನೀರು ಕಾಯಿಸಿದಳು, ಮೈ ತೊಳೆದಳು, ತಲೆಗೆ ಎರೆದಳು, ಬಟ್ಟೆಯನ್ನು ಕಲ್ಲಿಗೆ ಬಡಿದು ಒಗೆದಳು. ಬಡಿಯುವಾಗ ಅವಳ ತಲೆಯಲ್ಲಿದ್ದದ್ದು ಸೊಸೆಯಷ್ಟೇ ಅಲ್ಲ. ಮಗ ಗುಫ್ರಾನ್ ನಂದೂರಿನ ದಾಲ್‌ಮಿಲ್ಲಿನಲ್ಲಿ ಚೀಲ ಹೊರುತ್ತಿದ್ದ. ಅವನ ಕಣ್ಣಿಗೆ ಒಂದು ಕಲೆಯೂ ಬೀಳಬಾರದು. "ಬ್ಯಾಡ ಅಮ್ಮಾ, ಹಂಗಾ ಇರ್ಲಿ" ಎಂದಿದ್ದಳು ಗೌಸಿಯಾ. "ಸುಮ್ನಿರು ಬೇಟಿ" ಎಂದು ಅತ್ತೆ ಇನ್ನಷ್ಟು ಸಬಕಾರ ತಿಕ್ಕಿದ್ದಳು. ಪೊಲೀಸರಿಗೆ ಫೋನು ಮಾಡಿದವಳು ಗೌಸಿಯಾಳೇ.

ಈಗ ಮಡಿಲಿನಿಂದ ಆ ಸಬಕಾರದ ವಾಸನೆ ಮೂಗಿಗೆ ಹೊಡೆಯಿತು. ಮಸ್ತಾನಬಿ ಸೊಸೆಯ ಕಡೆ ನೋಡಲಾರದೆ ಹೋದಳು.

"ಕಲಬುರ್ಗಿ ದವಾಖಾನಿಗಿ ಏನಂತ ಬರದ್ ಕಳಸ್ಲಿ?" ದಫೇದಾರ ಅಗಿಯುತ್ತ ಕೇಳಿದ. "ಜಳಕಾ ಮಾಡ್ಸಿ, ಅತ್ತರ್ ಹಚ್ಚಿ ತಂದಾರ ಅಂತ ಬರೀಲಾ?"

ಊಟದ ಸಾಲಿನಲ್ಲಿ ಯಾವನೋ ಕಿಸಕ್ಕೆಂದ. ಉಸ್ತುವಾರಿ ಸೌಟು ಹಿಡಿದೇ ಕೂಗಿದ: "ಸಾಹೇಬ್ರ ಟೈಮ್ ಹಾಳ್ ಮಾಡಬ್ಯಾಡ್ರಿ ಬೇ. ತಿನ್ನೋದಿದ್ರ ಸಾಲಿಗಿ ಬರ್ರಿ."

ಮಸ್ತಾನಬಿ ಎದ್ದು ನಿಂತಳು.

"ಒಗದಾಕಿ ನಾನಾ ರೀ. ಅದರಾಗ ಏನಿತ್ತು ನನ್ನ ಕೇಳ್ರಿ. ರಕ್ತ ಎಲ್ಲಿತ್ತು, ಲಾಡಿ ಎಲ್ಲಿ ಹರದಿತ್ತು, ಮೈಮ್ಯಾಲ ಆ ಭಾಡ್ಕಾವನ ಉಗುರು ಎಲ್ಲೆಲ್ಲಿ ನಟ್ಟಿದ್ದವು, ಎಲ್ಲಾ ನೋಡೀನಿ. ಹೇಳ್ತೀನಿ, ಬರ್ಕೊರಿ."

ಸಾಲು ನಿಂತಲ್ಲೇ ನಿಂತಿತು. ದಫೇದಾರ ಕೈ ಒರೆಸಿಕೊಂಡ.

"ಹೌದಾ? ಮಗನ ಮುಂದ ಹೇಳ್ತಿಯೇನ್ ಇದನ್ನ? ಕರಸ್ಲಾ ಅವನ್ನ?"

ಮಸ್ತಾನಬಿ ಸಲವಾರವನ್ನು ಸೆರಗಿನೊಳಗೆ ಮುಚ್ಚಿಕೊಂಡಳು. ದಫೇದಾರ ಪೆನ್ನನ್ನು ಜೇಬಿಗೆ ಸಿಕ್ಕಿಸಿಕೊಂಡ.

ಅಷ್ಟು ಹೊತ್ತು ಕಂಬಕ್ಕೆ ಒರಗಿ ಕೂತಿದ್ದ ಗೌಸಿಯಾ ಅತ್ತೆಯ ಸೊಂಟದಿಂದ ಮೊಬೈಲ್ ಎಳೆದುಕೊಂಡಳು. ನಂಬರು ಒತ್ತಿ, ಸ್ಪೀಕರ್ ಹಾಕಿ, ಅತ್ತೆಯ ಬಾಯಿಗೆ ಹಿಡಿದಳು. ಗಿರಣಿಯ ಸದ್ದಿನ ನಡುವೆ ಗುಫ್ರಾನನ ದನಿ ಪಡಸಾಲೆಗೆಲ್ಲ ಕೇಳಿಸಿತು: "ಹಾಂ ಅಮ್ಮಾ, ಬೋಲೋ."

"ಹೇಳು," ಎಂದಳು ಗೌಸಿಯಾ. "ನಾ ಹೇಳಿದ್ರ ನಂಬ್ತಾನೋ ಇಲ್ಲೋ. ನೀನಾ ಹೇಳು."

"ಅಮ್ಮಾ? ಕ್ಯಾ ಹುವಾ?"

"ಸಪ್ಪಳ ಇಲ್ಲದ ಕಡಿ ಹೋಗು ಬೇಟಾ," ಎಂದಳು ಮಸ್ತಾನಬಿ. "ಪೂರಾ ಕೇಳು."

ದಫೇದಾರ ಫೋನು ಕಸಿಯಲು ಕೈ ಚಾಚಿದ. ಸಾಲಿನಲ್ಲಿದ್ದ ಹೆಂಗಸರು ತಟ್ಟೆಗಳನ್ನು ನೆಲಕ್ಕಿಟ್ಟು ಬಂದು, ಅವನ ಕೈಗೂ ಫೋನಿಗೂ ನಡುವೆ ನಿಂತರು.