ಯಾರಿಗೂ ಬೇಡವಾಗಿದ್ದ ಸಾಲು

ಬೇಸಗೆ ಇಳಿದು ಮೊದಲ ಮೋಡ ಕಟ್ಟಿದ ಬೆಳಗು, ಕಿಟಕಿಯ ಬೆಳಕು ಪರದೆಯ ಮೇಲೆ ಬಿದ್ದು ಅರ್ಧ ಸಾಲುಗಳು ಮಾಸಿ ಕಾಣುತ್ತಿದ್ದವು, ಕುರ್ಚಿ ಸರಿಸಿಕೊಂಡಳು, ಬೆರಳು ನಿಲ್ಲಿಸಲಿಲ್ಲ — ಹಳೆಯ ನೆಟ್‌ವರ್ಕ್ ಕಾರ್ಡನ್ನು ಕಂಪ್ಯೂಟರಿನೊಡನೆ ಮಾತಾಡಿಸುವ ಡ್ರೈವರ್, ಮೂರು ಸಾವಿರ ಸಾಲು, ಹೆಸರಿಲ್ಲದ ಅಂಕಿಗಳ ಕಾಡು, ಒಂದೊಂದಕ್ಕೂ ಹೆಸರಿಡುತ್ತ ಮೂರು ವಾರ, ಇದು ಕಾರ್ಡನ್ನು ಎಬ್ಬಿಸುವುದು, ಇದು ಮಲಗಿಸುವುದು, ಇವತ್ತು ಸಂಜೆಯೊಳಗೆ ತಿದ್ದಿ ಕಳಿಸದಿದ್ದರೆ ಮುಂದಿನ ಆವೃತ್ತಿಯಿಂದ ಡ್ರೈವರನ್ನೇ ಕಿತ್ತುಹಾಕುತ್ತಾರಂತೆ, ಮೇಲ್ವಿಚಾರಕ ಬರೆದದ್ದು ನೆನೆದರೆ ಈಗಲೂ ಕಿವಿ ಬಿಸಿ, ಯಾರಿಗೂ ಓದೋಕಾಗದ್ದನ್ನ ಎಷ್ಟು ದಿನ ಅಂತ ಹೊತ್ಕೊಂಡು ತಿರುಗೋದು ತಾಯಿ, ಹಾಗಾದರೆ ಈ ಕಾರ್ಡನ್ನೇ ನಂಬಿಕೊಂಡ ಶಾಲೆ, ಆಸ್ಪತ್ರೆಗಳ ಹಳೆಯ ಯಂತ್ರಗಳ ಗತಿಯೇನು — ಆದರೆ ಕಾರ್ಡು ಕಿವುಡಾಗಿದೆ, ನಿನ್ನೆಯಿಂದ, ಪರೀಕ್ಷೆ ಓಡಿಸಿದಾಗಲೆಲ್ಲ ಸರಿಯಾಗಿ ಹದಿನಾಲ್ಕನೆಯ ನಿಮಿಷಕ್ಕೆ, ಹೆಸರಿಟ್ಟದ್ದಕ್ಕೆ ಯಾರಾದರೂ ಕಿವುಡಾಗುತ್ತಾರೆಯೇ, ಒಂದೊಂದೇ ಬದಲಾವಣೆಯನ್ನು ಹಿಂತೆಗೆಯುತ್ತ ಬಂದಾಗ ಸಿಕ್ಕಿತು, ಕಾರ್ಡಿನಿಂದ ಒಂದು ಅಂಕಿ ಓದಿ ಎಲ್ಲಿಯೂ ಬಳಸದೆ ಬಿಟ್ಟಿದ್ದ ಸಾಲು, ದಂಡವೆಂದು ತಾನೇ ಅಳಿಸಿದ್ದು, ಚಿಕ್ಕವಳಿದ್ದಾಗ ಹೊಲದಲ್ಲಿ ಅಮ್ಮ ಬೆನ್ನಿಗೊಂದು ಗುದ್ದಿ, ಕಳೆ ಕೀಳೇ ಅಂದ್ರೆ ಪೈರನ್ನೇ ಕಿತ್ತೆಯಲ್ಲೇ ಕತ್ತೆ — ಈ ಡ್ರೈವರನ್ನು ಬರೆದು ನಿವೃತ್ತರಾದ ಹಿರಿಯರಿಗೆ ಫೋನು ಮಾಡಿದರೆ ಅತ್ತ ಗಿಡಗಳಿಗೆ ನೀರು ಬಿಡುವ ಸದ್ದು, ಅಯ್ಯೋ ಅದನ್ಯಾಕಮ್ಮ ತೆಗೆದೆ, ಅದು ಉತ್ತರ ಬೇಕು ಅಂತ ಕೇಳಿದ್ದಲ್ಲ, ನಾವು ಹೇಳಿ ಕಳಿಸಿದ್ದು ದಾರಿಯಲ್ಲೇ ಕೂತಿರುತ್ತೆ, ಒಂದ್ಸಲ ಕಾರ್ಡನ್ನ ಕೇಳಿದ್ರೆ ಎಲ್ಲಾ ಒಳಗೆ ಹೋಗಿ ಮುಟ್ಟುತ್ತೆ, ಹಾಗಂತ ಬರೆದಿಡಬಾರದಿತ್ತಾ ಸಾರ್, ನನಗೆ ಗೊತ್ತಿತ್ತಲ್ಲಮ್ಮ — ನಕ್ಕರು, ಆಮೇಲೆ ನಗು ನಿಂತಿತು, ಬರೀಬೇಕಿತ್ತು ಕಣಮ್ಮ, ಹನ್ನೆರಡು ವರ್ಷದ ಬಾಕಿ, ನಿನ್ನ ತಲೆಗೆ ಕಟ್ಟಿಬಿಟ್ಟೆ, ಈಗಲೇ ತೀರಿಸೋಣ ಬಿಡಿ ಸಾರ್, ನೀವು ಹೇಳಿ ನಾನು ಬರ್ಕೋತೀನಿ, ಅವರು ಹೇಳಿದರು, ಅಳೆದು ತೂಗಿ, ನೀರು ಅದರ ಪಾಡಿಗೆ ಹರಿಯುತ್ತಿತ್ತು, ಈ ಓದು ಉತ್ತರಕ್ಕಲ್ಲ, ಮೊದಲು ಹೇಳಿದ್ದು ಕಾರ್ಡಿಗೆ ಮುಟ್ಟಲೆಂದು, ತೆಗೆಯಬೇಡಿ — ಸಾಲನ್ನು ಮರಳಿ ಇಟ್ಟಳು, ಅದರ ನೆತ್ತಿಯ ಮೇಲೆ ಅವರ ಮಾತು, ಮಾತಿನ ಪಕ್ಕಕ್ಕೆ ಅವರ ಹೆಸರು, ಪರೀಕ್ಷೆ ಓಡಿಸಿದಳು, ಪರದೆಯ ಮೂಲೆಯಲ್ಲಿ ದಾರಿಯಲ್ಲಿ ಕಳೆದುಹೋದ ಮಾಹಿತಿ ಪ್ಯಾಕೆಟ್‌ಗಳ ಎಣಿಕೆ, ಹನ್ನೆರಡು ನಿಮಿಷ, ಸೊನ್ನೆ, ಹದಿಮೂರು, ಸೊನ್ನೆ, ಹದಿನಾಲ್ಕು — ಉಸಿರು ಹಿಡಿದಳು — ಸೊನ್ನೆ, ಹದಿನೈದು, ಕಳಿಸುವ ಗುಂಡಿಯನ್ನು ಬೆರಳು ಒತ್ತಿದ್ದೂ ತಿಳಿಯಲಿಲ್ಲ, ಹದಿನಾರು, ಸೊನ್ನೆ, ದುಂಡಗೆ, ತುಂಬಿಕೊಂಡು ಕೂತ ಸೊನ್ನೆ