ಮೂವತ್ತರ ನೋಟಿನ ಹೆಂಗಸು

ನೋಟು ಅಚ್ಚು ಹಾಕುವ ಕಾರ್ಖಾನೆಯಲ್ಲಿ ಅವನು ಕೆತ್ತನೆಗಾರ. ಇಪ್ಪತ್ತರ ನೋಟಿತ್ತು, ಐವತ್ತರದಿತ್ತು. ಮಧ್ಯೆ ಮೂವತ್ತರದೊಂದು ಇರಲಿ ಎಂದು ಮೇಲಿನವರಿಗೆ ಅನ್ನಿಸಿ, ಅದರ ಉಕ್ಕಿನ ಅಚ್ಚು ಕೆತ್ತುವ ಕೆಲಸ ಇವನ ಪಾಲಿಗೆ ಬಂತು. ನೋಟಿನ ಹಿಂಬದಿಗೆ ನೂಲು ಸುತ್ತುತ್ತ ಕೂತ ಹೆಂಗಸಿನ ಚಿತ್ರ. ಯಾರ ಮುಖ ಎಂದು ಯಾರೂ ಹೇಳಿರಲಿಲ್ಲ. ಅವನು ಅಕ್ಕನ ಮುಖ ಕೆತ್ತಲು ಶುರುಮಾಡಿದ.

ತಾಯಿ ಹೋದ ಮೇಲೆ ಅವನನ್ನು ಸಾಕಿದವಳು ಅಕ್ಕನೇ. ಇಬ್ಬರಿಗೂ ಮದುವೆಯಾಗಲಿಲ್ಲ, ಎರಡು ಕೋಣೆಯ ಬಾಡಿಗೆ ಮನೆಯಲ್ಲಿ ಇಬ್ಬರೇ. ಕೆಲಸದ ಸುದ್ದಿ ಹೊರಗೆ ಬಾಯಿ ಬಿಡುವುದಿಲ್ಲ ಎಂದು ಅವನು ಬರೆದುಕೊಟ್ಟಿದ್ದ. ಹಾಗಾಗಿ ಊಟಕ್ಕೆ ಕೂತಾಗ ಸುಮ್ಮನೆ ಅವಳನ್ನು ದಿಟ್ಟಿಸುತ್ತಿದ್ದ.

"ಏನೋ, ನನ್ನ ಮುಖಕ್ಕೆ ಏನಾದ್ರೂ ಅಂಟಿದ್ಯಾ?"

"ಏನಿಲ್ಲ ಬಿಡಕ್ಕ."

ಹನ್ನೊಂದು ತಿಂಗಳು ಭೂತಗನ್ನಡಿಯಲ್ಲಿ ಕಣ್ಣು ನೆಟ್ಟು, ಕೂದಲೆಳೆಯಂಥ ಗೆರೆಗಳಲ್ಲಿ ಅವಳನ್ನು ಮೂಡಿಸಿದ. ಅಚ್ಚು ಮುಗಿಯುವ ಹೊತ್ತಿಗೆ ಅಕ್ಕ ಹಾಸಿಗೆ ಹಿಡಿದಳು. ಇನ್ನು ಕೆಲವೇ ವಾರ ಎಂದರು ಡಾಕ್ಟರು. ಅವನು ಮೇಲಧಿಕಾರಿಯ ಮುಂದೆ ನಿಂತು, ಅಕ್ಕನಿಗೆ ತೋರಿಸಬೇಕು, ಮಾದರಿ ನೋಟೊಂದನ್ನು ಒಂದು ಗಂಟೆಯ ಮಟ್ಟಿಗೆ ಕೊಡಿ ಎಂದು ಕೇಳಿದ.

"ನಿಮಗೂ ನಾನು ನಿಯಮ ಹೇಳಿಕೊಡಬೇಕಾ?" ಎಂದರು ಅವರು, ಕಾಗದದಿಂದ ತಲೆ ಎತ್ತದೆ.

ಆ ಸಂಜೆ ಆಸ್ಪತ್ರೆಯಲ್ಲಿ, ಕೊಟ್ಟ ಮಾತು ಮುರಿದು, ಅಕ್ಕನ ಕಿವಿಯಲ್ಲಿ ಎಲ್ಲ ಹೇಳಿಬಿಟ್ಟ.

"ನನ್ನ ಮೂತೀನಾ? ಜನ ಇದು ಬೇಡ, ಚಿಲ್ಲರೇನೇ ಕೊಡಿ ಅಂತಾರೆ ಕಣೋ," ಎಂದು ಅಕ್ಕ ನಕ್ಕಳು. ಆಮೇಲೆ, "ಮೂಗು ಒಂಚೂರು ಚಿಕ್ಕದು ಮಾಡಿದೀಯ ತಾನೇ?" ಎಂದಳು.

"ಇದ್ದ ಹಾಗೇ ಮಾಡಿದೀನಿ."

"ಹಾಳಾದವನೇ," ಎಂದು ಅವನ ಕೈ ಹಿಡಿದುಕೊಂಡಳು. ನಾಲ್ಕನೇ ದಿನ ತೀರಿಕೊಂಡಳು.

ತಿಂಗಳು ಕಳೆದು ಸುತ್ತೋಲೆ ಬಂತು: ಮೂವತ್ತರ ನೋಟು ಬೇಡ, ಇಪ್ಪತ್ತು ಐವತ್ತೇ ಸಾಕು. ಮಾದರಿಗಳನ್ನು ಸುಡಬೇಕು, ಅಚ್ಚನ್ನು ಅದನ್ನು ಕೆತ್ತಿದವನ ಎದುರಿಗೇ ಕತ್ತರಿಸಬೇಕು. ಯಂತ್ರದ ಗರಗಸ ಹೆಂಗಸಿನ ಹಣೆಯಿಂದ ಇಳಿಯಿತು. ಅವನು ರುಜು ಹಾಕಿದ. ಪಕ್ಕದಲ್ಲಿದ್ದ ಮೇಲಧಿಕಾರಿ, ಏನಾದರೂ ಮಾತಾಡಬೇಕಲ್ಲ ಎಂದು, "ಅಕ್ಕ ಹೇಗಿದ್ದಾರೆ?" ಎಂದು ಕೇಳಿದರು. ಅಕ್ಕ ತೀರಿಕೊಂಡಾಗ ಹಾಕಿದ ರಜೆಗೂ ಅವನು ಕಾರಣ ಬರೆದಿರಲಿಲ್ಲ.

"ಇಲ್ಲ ಸಾರ್. ಹೋದ್ಲು."

ಅವರು ಕನ್ನಡಕ ತೆಗೆದು ಒರೆಸಿದರು, ಮತ್ತೆ ಹಾಕಿಕೊಂಡರು.

ಆ ಭಾನುವಾರ ಬೆಳಿಗ್ಗೆ ಮನೆಯಲ್ಲಿ ಪೆನ್ಸಿಲು ಹಿಡಿದು ಅಕ್ಕನನ್ನು ಬರೆಯಲು ಕೂತ. ಕೈ ಸರಾಗವಾಗಿ ಓಡಿತು. ಮುಗಿದ ಮೇಲೆ ನೋಡಿದರೆ, ಅವಳ ಎಡಗೆನ್ನೆಯ ಮಚ್ಚೆ ಬಲಗೆನ್ನೆಗೆ ಬಂದಿತ್ತು. ಅಚ್ಚಿನಲ್ಲಿ ಎಲ್ಲವನ್ನೂ ಎಡಬಲ ತಿರುವುಮುರುವಾಗಿ ಕೆತ್ತಬೇಕು, ಆಗಲೇ ನೋಟಿನ ಮೇಲೆ ಸರಿಯಾಗಿ ಮೂಡುವುದು. ಹನ್ನೊಂದು ತಿಂಗಳಲ್ಲಿ ಕೈಗೆ ಆ ಮುಖವೇ ರೂಢಿಯಾಗಿಬಿಟ್ಟಿತ್ತು. ಇನ್ನೊಂದು ಹಾಳೆ ತೆಗೆದ. ಅದೂ ಹಾಗೇ ಬಂತು.

ಕೊನೆಗೆ ಗೋಡೆಯ ಕನ್ನಡಿಯ ಮುಂದೆ ಹೋಗಿ ಹಾಳೆ ಎತ್ತಿ ಹಿಡಿದ. ಅದರೊಳಗೆ ಅಕ್ಕ ಸರಿಯಾಗಿದ್ದಳು. ಕೈ ಸೋಲುವವರೆಗೂ ಅವನು ಹಾಗೇ ನಿಂತಿದ್ದ.